ಲೋಕದ ಹಾಡು ಕೇಳಿ ಅಳು ಬಂದರೆ ತಪ್ಪಾ?

ಪ್ರಶ್ನೆ: ನಾನು ಚರ್ಚ್ ಕ್ವಾಯರ್‌ನಲ್ಲಿ ಹಾಡುತ್ತೇನೆ. ಮನೆಯಲ್ಲಿ ಭಾವಗೀತೆ, ಹಳೆಯ ಸಿನಿಮಾ ಹಾಡು ಜಾಸ್ತಿ ಕೇಳುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಒಂದು ವಿರಹದ ಹಾಡು ಕೇಳಿದಾಗಲೆಲ್ಲ ಅಳು ಬರುತ್ತದೆ, ಹಿಂದೆಯೇ ಪ್ರಾರ್ಥನೆಯೂ ಬರುತ್ತದೆ. ಸಭೆಯ ಹಿರಿಯರೊಬ್ಬರು ‘ಅದು ಲೋಕದ ಹಾಡು, ಬಿಟ್ಟುಬಿಡು’ ಅಂದರು. ಗೆಳತಿ ಮಾತ್ರ ‘ನಲ್ಲ ಅಂತ ಬಂದಲ್ಲೆಲ್ಲ ಯೇಸು ಅಂದುಕೊ, ಆಗ ತಪ್ಪಿಲ್ಲ’ ಅನ್ನುತ್ತಾಳೆ. ಯಾರ ಮಾತು ಕೇಳಲಿ?
– ಓದುಗರು, ಗದಗ-ಬೆಟಗೇರಿ

ಉತ್ತರ: ಮೊದಲು ಗೆಳತಿಯ ಉಪಾಯ. ನಮ್ಮ ಯೂತ್ ಮೀಟಿಂಗ್‌ಗಳಲ್ಲಿ ಇದು ಬಹಳ ನಡೆಯುತ್ತದೆ, ನನಗಿದು ಒಪ್ಪಿಗೆಯಿಲ್ಲ. ಕವಿ ತನ್ನ ನಲ್ಲೆಗೆ ಬರೆದ ಹಾಡಿನಿಂದ ಆ ನಲ್ಲೆಯನ್ನು ಎಬ್ಬಿಸಿ ಅಲ್ಲಿ ಯೇಸುವನ್ನು ಕೂರಿಸಿದರೆ ಹಾಡೂ ಕೆಡುತ್ತದೆ, ಭಕ್ತಿಯೂ ಸುಳ್ಳಾಗುತ್ತದೆ. ಹಾಡು ಏನು ಹೇಳುತ್ತದೋ ಅದನ್ನೇ ಕೇಳಿ. ಬೈಬಲ್ಲಿನ ಪರಮಗೀತ ತೆಗೆದು ನೋಡಿ. ಒಬ್ಬ ಹುಡುಗಿ, ಒಬ್ಬ ಹುಡುಗ, ದ್ರಾಕ್ಷಿತೋಟ, ರಾತ್ರಿ ಬೀದಿಯಲ್ಲಿ ಹುಡುಕಾಟ. ಯೆಹೂದ್ಯರೂ ಕ್ರೈಸ್ತರೂ ಅದರಲ್ಲಿ ದೇವರ ಪ್ರೀತಿಯನ್ನು ಕಂಡಿದ್ದಾರೆ, ನಿಜ, ಆದರೆ ಓದಿದ ಯಾರಿಗೂ ಅದು ಪ್ರೇಮಗೀತೆ ಅಂತ ತಿಳಿಯುತ್ತದೆ, ಅಲ್ವಾ? ಹಾಗಿದ್ದೂ ಅದು ನಮ್ಮ ಪವಿತ್ರ ಗ್ರಂಥದೊಳಗೇ ಇದೆ.

ಹಿರಿಯರ ಕಾಳಜಿ ಸುಮ್ನೆ ಅಲ್ಲ. ಹೆಣ್ಣನ್ನು ಕೀಳಾಗಿ ಕಾಣುವ, ದ್ವೇಷ ಕೆರಳಿಸುವ ಹಾಡುಗಳಿವೆ, ಅವನ್ನು ಬಿಡಲೇಬೇಕು. ಆದರೆ ಲೋಕದ್ದು ಇಲ್ಲಿಗೆ ಮುಗಿಯಿತು, ಸಭೆಯದ್ದು ಇಲ್ಲಿಂದ ಶುರು ಅಂತ ಗೆರೆ ಎಳೆಯಲು ಆಗುವುದಿಲ್ಲ. ಜರ್ಮನ್-ಸ್ವಿಸ್ ಕ್ರೈಸ್ತ ಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ನಿಮ್ಮ ಬೆಟಗೇರಿಗೆ ಬಂದರು. ಜೊತೆಗೆ ಬಂದ ಜರ್ಮನ್ ಧಾಟಿಗಳು ಇವತ್ತು ನಮಗೆ ಅಜ್ಜ-ಅಜ್ಜಿಯರ ಕಾಲದ ಸಭೆಯ ಧಾಟಿಗಳು. ಆದರೆ ಮುಳ್ಳಿನ ಕಿರೀಟ ಹೊತ್ತ ಯೇಸುವಿನ ತಲೆಯನ್ನು ನೋಡಿ ಹಾಡುವ, ಜರ್ಮನ್ ಸಭೆಗಳ ಆ ಪ್ರಸಿದ್ಧ ಶುಭ ಶುಕ್ರವಾರದ ಹಾಡಿನ ಧಾಟಿ ಎಲ್ಲಿಯದು ಗೊತ್ತಾ? ಜರ್ಮನ್ ಸಂಗೀತಗಾರ ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯದು. ಹುಡುಗಿಯೊಬ್ಬಳಿಂದ ಮನಸ್ಸು ಕಲಕಿಹೋದವನ ಹಾಡು ಅದು. ಮುಂದೆ ಜರ್ಮನಿಯ ಮಹಾ ಸಂಗೀತಗಾರ ಬಾಖ್ ಅದೇ ಧಾಟಿಯನ್ನು ಯೇಸುವಿನ ಶ್ರಮೆಮರಣದ ಸಂಗೀತದಲ್ಲಿ ಮತ್ತೆಮತ್ತೆ ತಂದ.

ಈಗ ನಿಮ್ಮ ಅಳುವಿನ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ಸಭೆಗಳಲ್ಲಿ ದುಃಖಕ್ಕೆ ಜಾಗ ಕಡಿಮೆ. ಮಣ್ಣು ಮಾಡಿ ಬಂದ ಮರುದಿನವೇ ‘ಅವರು ಕರ್ತನ ಬಳಿ ಇದ್ದಾರೆ, ಅಳಬೇಡ’ ಅನ್ನುತ್ತೇವೆ. ಬೈಬಲ್ಲಿನ 88ನೇ ಕೀರ್ತನೆ ಓದಿ. ರಕ್ಷಿಸುವ ದೇವರನ್ನು ಕೂಗಿ ಶುರುವಾಗುತ್ತದೆ, ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಅದೂ ಪ್ರಾರ್ಥನೆಯೇ. ಅಂಥ ಪ್ರಾರ್ಥನೆಗೆ ನಿಮಗೆ ಸಭೆಯಲ್ಲಿ ಮಾತು ಸಿಗಲಿಲ್ಲ, ಆ ಹಾಡಿನಲ್ಲಿ ಸಿಕ್ಕಿತು. ಹೇಗೆ ಬೇಡಿಕೊಳ್ಳಬೇಕೋ ತಿಳಿಯದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಅಂತ ಪೌಲ ರೋಮಾಪುರದವರಿಗೆ ಬರೆದಿದ್ದಾನೆ. ಆ ಹಾಡು ಕೇಳಿ, ಅಳು ಬಂದರೆ ಅಳಿ, ಪ್ರಾರ್ಥಿಸಿ.

ಭಾನುವಾರದ ಆರಾಧನೆಯಲ್ಲಿ ಅದನ್ನು ಹಾಡಿ ಅಂತ ಹೇಳುತ್ತಿಲ್ಲ, ಅಲ್ಲಿನ ಮಾತು ಎಲ್ಲರ ಪ್ರಾರ್ಥನೆ ಆಗಬೇಕು. ಆ ಹಿರಿಯರನ್ನು ಒಂದು ದಿನ ಚಹಾಕ್ಕೆ ಕರೆಯಿರಿ. ವಾದ ಬೇಡ, ಅಪ್ಪನ ಬಗ್ಗೆ ಮಾತಾಡಿ.

ಪ್ರಶ್ನೆ: ಮಗಳು ಧಾರವಾಡದಲ್ಲಿ ಹಿಂದೂಸ್ತಾನಿ ಕಲಿಯುತ್ತಿದ್ದಾಳೆ. ಬಂದಿಶ್‌ಗಳಲ್ಲಿ (ಹಾಡುವ ರಚನೆಗಳಲ್ಲಿ) ಕೃಷ್ಣನ ಹೆಸರು ಬರುತ್ತದೆ. ಬಿಡಿಸಬೇಕಾ?
– ತಾಯಿ, ಹುಬ್ಬಳ್ಳಿ

ಉತ್ತರ: ದಯವಿಟ್ಟು ಬಿಡಿಸಬೇಡಿ. ಕುಂದಗೋಳದ ಸವಾಯಿ ಗಂಧರ್ವರು ಕಲಿತದ್ದು ಅಬ್ದುಲ್ ಕರೀಂ ಖಾನರ ಬಳಿ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಿಂದ ಕಲಿತರು. ಗುರು-ಶಿಷ್ಯರ ಧರ್ಮ ಒಂದೇ ಆಗಿರಬೇಕು ಅಂತ ಇದ್ದಿದ್ದರೆ ನಮ್ಮ ಭಾಗಕ್ಕೆ ಈ ಸಂಗೀತ ದಕ್ಕುತ್ತಲೇ ಇರಲಿಲ್ಲ. ಪಾಠದಲ್ಲಿ ಒಂದು ಹೆಸರು ಹಾಡುವುದು ಬೇರೆ, ಆ ಹೆಸರಿಗೆ ಪೂಜೆ ಮಾಡುವುದು ಬೇರೆ. ಹಾಗೂ ಮಗಳ ಮನಸ್ಸಿಗೆ ಚುಚ್ಚಿದರೆ ಗುರುಗಳಿಗೆ ನೇರವಾಗಿ ಹೇಳಲಿ. ಮಳೆ, ವಸಂತ, ವಿರಹದ ಬಂದಿಶ್‌ಗಳು ಬೇಕಾದಷ್ಟಿವೆ, ತರಾನಾದಲ್ಲಂತೂ ಬಹುಪಾಲು ಅರ್ಥವಿಲ್ಲದ ಬರೀ ಅಕ್ಷರಗಳು. ಆದರೆ ಚುಚ್ಚುತ್ತದೋ ಇಲ್ಲವೋ ಅವಳನ್ನೇ ಕೇಳಿ, ಅವಳ ಪರವಾಗಿ ನೀವು ನಿರ್ಧರಿಸಬೇಡಿ.