ಅಕ್ಕನ ದಿಂಬಿನ ಕೆಳಗಿಟ್ಟ ಹೂವು

ಗುರುತು ಸಿಗಬಾರ್ದು ಅಂತ ಊರು, ವಯಸ್ಸು ಎಲ್ಲ ಬದಲಾಯಿಸಿದೀನಿ. ಹಾಸನ ಕಡೆ ಹುಡುಗ, 26 ವರ್ಷ, ನನ್ನ ಹತ್ರ ಕೌನ್ಸೆಲಿಂಗಿಗೆ ಬಂದವನು ಕೂರೋಕ್ ಮುಂಚೆ ಬ್ಯಾಗಿಂದ ಸ್ಯಾನಿಟೈಸರ್ ತೆಗೆದು ಕುರ್ಚಿ ಒರೆಸಿದ. ಅವನ ಬೆರಳ ಸಂದೆಲ್ಲ ಬಿಳಚ್ಕೊಂಡು ಬಿರುಕು ಬಿಟ್ಟಿತ್ತು.

ನಾಲ್ಕು ತಿಂಗಳ ಹಿಂದೆ ಅವನ ಅಕ್ಕಂಗೆ ಗ್ಯಾಸ್ ಒಲೆ ಹತ್ರ ನೈಲಾನ್ ನೈಟಿಗೆ ಬೆಂಕಿ ಹತ್ತಿ, ಎರಡೂ ಕಾಲು, ಹೊಟ್ಟೆ ಸೇರಿ ಸುಮಾರು 40 ಪರ್ಸೆಂಟ್ ಸುಟ್ಟಿತ್ತು. ಬರ್ನ್ಸ್ ವಾರ್ಡಿಗೆ ಸೇರಿಸಿ ಆರನೇ ದಿನ ಇವನು ಗೌನೂ ಹಾಕ್ದೆ ಒಳಗೆ ನುಗ್ಗಿ, ಊರ ದೇವಿ ಪ್ರಸಾದದ ಸೇವಂತಿಗೆ ದಿಂಬಿನ ಕೆಳಗಿಟ್ಟು ಬಂದಿದಾನೆ. ಒಂಬತ್ತನೇ ದಿನ ಡ್ರೆಸಿಂಗ್ ಬಿಚ್ಚಿದ್ರೆ ಬಟ್ಟೆ ತುಂಬ ಹಸಿರು ಕಲೆ, ಒಂಥರಾ ಸಿಹಿಸಿಹಿ ವಾಸನೆ. ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಅಂದ್ರು, ರಕ್ತಕ್ಕೂ ಸೇರಿತ್ತು, ಐಸಿಯುಗೆ ಹಾಕಿದ್ರು. ಅವಳು ಬದುಕಿ ಮನೆಗೆ ಬಂದಾಯ್ತು, ಆದ್ರೆ ಇವನು ಮಾತ್ರ ಅಕ್ಕನ ರೂಮಿನ ಹೊಸ್ತಿಲು ದಾಟಲ್ಲ, ಅವಳ ಐದು ವರ್ಷದ ಮಗಳು ಅಮ್ಮನ ಹತ್ರ ಮಲಗೋಕೂ ಬಿಡಲ್ಲ.

"ನಾನೇ ತಾನೆ ಮೇಡಂ ತಂದು ಹಾಕಿದ್ದು?"

ಇಂಥ ಜಾಗದಲ್ಲಿ ನಮ್ಮೋರು ತಟ್ಟಂತ "ಛೇ, ನಿನ್ನಿಂದ ಅಲ್ಲಪ್ಪ" ಅಂದ್ಬಿಡ್ತಾರೆ. ನಾನು ಹೇಳಲಿಲ್ಲ. ಹೂವಲ್ಲಿ ಆ ಕೀಟಾಣು ಇರಬಹುದು ಅನ್ನೋದು ನಿಜ, ಅದಕ್ಕೇ ಬರ್ನ್ಸ್ ವಾರ್ಡಿಗೆ ಹೂ ಬಿಡಲ್ಲ. ಸುಳ್ಳು ಸಮಾಧಾನ ಹೇಳಿದ್ರೆ ನಾಳೆ ಫೋನಲ್ಲಿ ಹುಡುಕಿ ಓದಿ ಇನ್ನಷ್ಟು ಕುಸೀತಾನೆ. ಹಾಗಾಗಿ ಅವಳ ಮೈಯೊಳಗೆ ಏನಾಯ್ತು ಅಂತ ಪೂರ್ತಿ ಹೇಳೋದೇ ಸರಿ ಅನ್ನಿಸ್ತು, ಮೊದಲು ಪರಿಚಯದ ಬರ್ನ್ಸ್ ಡಾಕ್ಟರ್ ಹತ್ರ ಕೇಳಿ ಖಾತ್ರಿ ಮಾಡ್ಕೊಂಡೆ.

ಚರ್ಮ ಅಂದ್ರೆ ಮೈಗೆ ಕಾಂಪೌಂಡು. ಅದು ಬಿದ್ದೋದ್ಮೇಲೆ ಒಳಗಿನ ಕಾವಲುಗಾರರೂ ದಿಕ್ಕೆಡ್ತಾರೆ. ಇಷ್ಟು ದೊಡ್ಡದಾಗಿ ಸುಟ್ಟಾಗ ರೋಗನಿರೋಧಕ ವ್ಯವಸ್ಥೆ ಗಾಯದ ಹತ್ರ ಮಾತ್ರ ಕೆಲಸ ಮಾಡದೆ ಇಡೀ ಮೈಯಲ್ಲಿ ಉರಿಯೂತ ಎಬ್ಬಿಸತ್ತೆ, ಅದರ ಜೊತೆಜೊತೆಗೇ ಇನ್ನೊಂದು ಕಡೆ ಮಂಕಾಗ್ತಾ ಬರತ್ತೆ, ಬಿಳಿ ರಕ್ತಕಣ ಸೋಂಕಿರೋ ಜಾಗಕ್ಕೆ ಸರಿಯಾಗಿ ಹೋಗಲ್ಲ, ಸೋಂಕಿನ ವಿರುದ್ಧ ಹೋರಾಡೋ ಟಿ ಕಣಗಳ ಶಕ್ತಿನೂ ಕುಗ್ಗತ್ತೆ. ಸತ್ತ ಚರ್ಮಕ್ಕೆ ರಕ್ತ ಓಡಾಟ ಇಲ್ಲ ಅಂದ್ಮೇಲೆ ಡ್ರಿಪ್ಪಲ್ಲಿ ಕೊಡೋ ಆಂಟಿಬಯಾಟಿಕ್ಕೂ ಅಲ್ಲಿ ತಲುಪಲ್ಲ, ಅದಕ್ಕೇ ಅದನ್ನ ಬೇಗ ಕತ್ತರಿಸಿ ತೆಗೆದು ಗ್ರಾಫ್ಟ್, ಅಂದ್ರೆ ಬೇರೆ ಚರ್ಮ, ಹಾಕೋದು. ಇನ್ನು ಕೀಟಾಣು ಎಲ್ಲಿಂದ? ಮೊದಲ ಎರಡು ದಿನದಲ್ಲೇ ಅವಳದ್ದೇ ರೋಮದ ಬುಡ, ಬೆವರ ಗ್ರಂಥಿಲಿ ಉಳ್ಕೊಂಡಿದ್ದು ಎದ್ದೇಳತ್ತೆ, ವಾರದ ಹೊತ್ತಿಗೆ ಅವಳ ಕರುಳಿಂದ, ವಾರ್ಡಿನ ಸಿಂಕು ನಲ್ಲಿಯಿಂದ ಸ್ಯೂಡೋಮೊನಾಸ್ ಥರದ್ದು ಸೇರ್ಕೊಳತ್ತೆ.

"ಅಂದ್ರೆ ನಾನಲ್ಲ ಅಂತ ನೀವೂ ಹೇಳ್ತಿಲ್ಲ."

"ಹೇಳ್ತಿಲ್ಲ ಕಣೋ. ನೀನೇ ಅಂತ ಹೇಳೋಕೂ ಯಾರ ಕೈಲೂ ಆಗಲ್ಲ. ಹೂ ಇಡದಿದ್ರೂ ಇದು ಬರೋ ದಾರಿ ಅಷ್ಟಿತ್ತು."

ತುಂಬ ಹೊತ್ತು ಅತ್ತ. ನಾನು ಸುಮ್ನೆ ಕೂತಿದ್ದೆ.

ಮುಂದಿನ ಸಲ ಅವರಮ್ಮನ್ನೂ ಕರ್ಕೊಂಡು ಬಾ ಅಂದೆ, ಯಾಕಂದ್ರೆ ಮನೇಲಿ ಇನ್ನೊಂದು ಕತೆ ನಡೀತಿತ್ತು. ಮೊಟ್ಟೆ, ಬದನೆಕಾಯಿ, ಬೇಳೆ, ಮೊಸರು ಎಲ್ಲ ನಂಜು, ಗಾಯ ಕೀವಾಗತ್ತೆ ಅಂತ ಅಕ್ಕಂಗೆ ಬರೀ ಗಂಜಿ ಮತ್ತು ಬ್ರೆಡ್ಡು! ನಂಗೆ ಸಿಟ್ಟೇ ಬಂತು, ತಡ್ಕೊಂಡೆ. ಸುಟ್ಟ ಮೈ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೇಲೆ, ಒಳಗೊಳಗೇ ಸ್ನಾಯು ಕರಗಿಸ್ತಾ ಇರತ್ತೆ, ಪ್ರೋಟೀನ್ ಇಲ್ದೆ ಗಾಯನೂ ಮಾಯಲ್ಲ, ಸೋಂಕಿನ ವಿರುದ್ಧ ಹೋರಾಡೋ ಕಣಗಳೂ ತಯಾರಾಗಲ್ಲ. ಆಸ್ಪತ್ರೇಲಿದ್ದಾಗ ಇಂಥವರಿಗೆ ತೂಕದ ಒಂದು ಕೆಜಿಗೆ ದಿನಕ್ಕೆ ಒಂದೂವರೆಯಿಂದ ಎರಡು ಗ್ರಾಂ ಪ್ರೋಟೀನ್ ಲೆಕ್ಕ ಹಾಕ್ತಾರೆ, ಅಂದ್ರೆ 50 ಕೆಜಿ ಹೆಂಗಸಿಗೆ 75ರಿಂದ 100 ಗ್ರಾಂ, ಒಂದು ಮೊಟ್ಟೇಲಿ ಸಿಗೋದು ಆರೇ ಗ್ರಾಂ. ಈಗ ಎಷ್ಟು ಬೇಕು ಅಂತ ಡಯಟಿಷಿಯನ್ ಹತ್ರ ಕೇಳಿ, ಅಲ್ಲಿತನಕ ಮೊಟ್ಟೆ ನಿಲ್ಲಿಸ್ಬೇಡಿ ಅಮ್ಮ ಅಂದೆ. ಅವರು ಒಪ್ಪಿದ್ದು ಮೊಸರು, ಬೇಳೆಗೆ ಮಾತ್ರ. ಮೊಟ್ಟೆಗೆ ಇನ್ನೂ ಮುಖ ಸಿಂಡರಿಸ್ತಾರೆ.

ತಮ್ಮನಿಗೆ ಹೇಳಿದ್ದು ಇಷ್ಟು. ಮುಟ್ಟೋ ಮುಂಚೆ ಸೋಪಲ್ಲಿ 20 ಸೆಕೆಂಡ್ ಒಂದೇ ಸಲ ಕೈ ತೊಳಿ, ಹತ್ತು ಸಲ ತೊಳೆದು ನಿನ್ನ ಕೈ ಬಿರುಕು ಬಿಟ್ರೆ ಕೀಟಾಣು ಅಲ್ಲೇ ಮನೆ ಮಾಡತ್ತೆ. ನೆಗಡಿ, ಜ್ವರ, ಚರ್ಮದಲ್ಲಿ ಕೀವಿನ ಗುಳ್ಳೆ ಇರೋರು ಹತ್ರ ಹೋಗೋದು ಬೇಡ, ಉಳಿದಂತೆ ಮಗು ತಬ್ಬಿಕೊಳ್ಳಲಿ, ಇನ್ನೂ ಮಾಯದ ಜಾಗ ಡ್ರೆಸಿಂಗಲ್ಲಿ ಮುಚ್ಚಿದ್ರೆ ಸಾಕು. ಹೊಸದಾಗಿ ಕೆಂಪಾದ್ರೆ, ವಾಸನೆ ಬಂದ್ರೆ, ಚಳಿಜ್ವರ, ಮಂಪರು, ಉಸಿರಾಟ ಜೋರು, ಮೂತ್ರ ಕಮ್ಮಿ ಇದ್ರಲ್ಲಿ ಯಾವುದಾದ್ರೂ ಕಂಡ್ರೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗು, ಮೆಡಿಕಲ್ ಶಾಪಿಂದ ಹಳೇ ಚೀಟಿ ತೋರಿಸಿ ಆಂಟಿಬಯಾಟಿಕ್ ತರಬೇಡ. ಗಾಯ ಮಾಯ್ದ ಮೇಲೂ ರೋಗನಿರೋಧಕ ಶಕ್ತಿ ಮೊದಲಿನಂತಾಗೋಕೆ ತುಂಬ ಕಾಲ ಹಿಡಿಯಬಹುದು, ಲಸಿಕೆ ಏನು ಬೇಕು ಅಂತ ಡಾಕ್ಟರ್ ಹತ್ರ ಕೇಳು.

ನಾಲ್ಕನೇ ಸಲ ಬಂದಾಗ ಕುರ್ಚಿ ಒರೆಸಲಿಲ್ಲ. ಅಕ್ಕನ ಕಾಲಿಗೆ ಮಾಯ್ದ ಜಾಗಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದ್ನಂತೆ, ಅವಳು "ಕೈ ಯಾಕೋ ಇಷ್ಟು ಒರಟಾಗಿದೆ" ಅಂತ ಬೈದ್ಳಂತೆ. ಆ ದೇವಸ್ಥಾನಕ್ಕೆ ಮಾತ್ರ ಇನ್ನೂ ಹೋಗಿಲ್ಲ. ನಾನೂ ಅದನ್ನ ಕೆದಕಲಿಲ್ಲ.