ಸರ್ಪಸುತ್ತು ಮಾಯಿತು, ಉರಿ ಹೋಗಲಿಲ್ಲ: ಪ್ಯಾಚ್ ಅಂಟಿಸಬಹುದಾ?

ಪ್ರಶ್ನೆ: ನಮ್ಮ ಮಾವನವರಿಗೆ 71 ವರ್ಷ. ಎಂಟು ತಿಂಗಳ ಹಿಂದೆ ಎದೆಯ ಬಲಗಡೆಯಿಂದ ಬೆನ್ನಿನವರೆಗೆ ಸರ್ಪಸುತ್ತು ಆಗಿತ್ತು. ಒಂದು ವಾರ ಕೆಮ್ಮಣ್ಣು ಹಚ್ಚಿ ನೋಡಿದೆವು, ಆಮೇಲೆ ಡಾಕ್ಟರ ಹತ್ತಿರ ಹೋದೆವು. ಗುಳ್ಳೆಗಳೆಲ್ಲ ಒಣಗಿವೆ, ಉರಿ ಮಾತ್ರ ಹೋಗಿಲ್ಲ. ಬನಿಯನ್ ಸೋಕಿದರೂ ಬೆಚ್ಚಿಬೀಳುತ್ತಾರೆ. ಗ್ಯಾಬಾಪೆಂಟಿನ್ ಮಾತ್ರೆಯಿಂದ ತಲೆ ತಿರುಗಿ ಒಮ್ಮೆ ಬಚ್ಚಲಲ್ಲಿ ಬಿದ್ದರು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಡೈಕ್ಲೊಫಿನಾಕ್ ಪ್ಯಾಚ್‌ನಿಂದ ಏನೂ ಆಗಲಿಲ್ಲ. ಈಗ ಅಮೆರಿಕದಿಂದ ಬಂದ ನಾದಿನಿ ಲಿಡೊಕೇನ್ ಪ್ಯಾಚ್ ಡಬ್ಬಿ ತಂದಿದ್ದಾಳೆ. ಅಂಟಿಸಬಹುದಾ?
ಓದುಗರು, ಸಾಗರ

ಉತ್ತರ: ಮೊದಲು ನಿಮ್ಮ ಮಾವನವರಿಗೆ ಹೇಳಿ, ಅವರ ನೋವು ನಿಜವಾದದ್ದು. "ಹುಣ್ಣೇ ಇಲ್ಲ, ಇನ್ನೆಲ್ಲಿಯ ಉರಿ" ಅಂತ ಮನೆಗೆ ಬಂದ ನೆಂಟರು ಅಂದುಬಿಡುತ್ತಾರೆ. ಮುದುಕರು ಆಮೇಲೆ ಬಾಯಿಬಿಡುವುದನ್ನೇ ನಿಲ್ಲಿಸುತ್ತಾರೆ. ಹಾಗಾಗಬಾರದು.

ಚಿಕ್ಕಂದಿನಲ್ಲಿ ಮೈಮೇಲೆ 'ಅಮ್ಮ' ಎದ್ದಿರುತ್ತದಲ್ಲ, ಆ ಚಿಕನ್‌ಪಾಕ್ಸ್ ವೈರಸ್ಸೇ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ವರ್ಷಗಟ್ಟಲೆ ಅಡಗಿ ಕೂತಿರುತ್ತದೆ. ವಯಸ್ಸಾಗಿ ಮೈಯ ತಡೆಯುವ ಶಕ್ತಿ ಕುಗ್ಗಿದಾಗ ಒಂದು ನರದ ಗುಂಟ ಹೊರಗೆ ಬರುತ್ತದೆ. ಅದಕ್ಕೇ ಗುಳ್ಳೆಗಳು ಸಾಮಾನ್ಯವಾಗಿ ಒಂದೇ ಬದಿಯಲ್ಲಿ, ಪಟ್ಟಿ ಕಟ್ಟಿದ ಹಾಗೆ ಏಳುತ್ತವೆ. (ಸರ್ಪದ ತಲೆ-ಬಾಲ ಕೂಡಿದರೆ ಜೀವ ಹೋಗುತ್ತದೆ ಅನ್ನುವ ಹೆದರಿಕೆ ಇನ್ನೂ ಇದೆ. ಅದು ಬೇಡ.) ಚರ್ಮ ಮಾಯುತ್ತದೆ, ಆದರೆ ಗಾಯವಾದ ನರ ಅಷ್ಟು ಬೇಗ ಸರಿಹೋಗುವುದಿಲ್ಲ. ಬಟ್ಟೆ ಸೋಕಿದ್ದನ್ನೂ ಅದು ಮಿದುಳಿಗೆ ಬೆಂಕಿ ಬಿದ್ದ ಹಾಗೆ ಹೇಳುತ್ತದೆ.

ಡೈಕ್ಲೊಫಿನಾಕ್ ಕೆಲಸ ಮಾಡದಿದ್ದದ್ದು ಇದಕ್ಕೇ. ಅದು ಉಳುಕು, ಪೆಟ್ಟು, ಬಾವು ಇರುವ ಕಡೆಗೆ ಆಗುವ ಔಷಧಿ. ಇಲ್ಲಿ ಬಾವು ಇಲ್ಲ, ಇರುವುದು ನರದ ನೋವು. ಅಂಗಡಿಯಲ್ಲಿ "ನೋವಿನ ಪ್ಯಾಚ್ ಕೊಡಿ" ಅಂದರೆ ಯಾವುದೋ ಒಂದು ಸಿಗುತ್ತದೆ. ಒಳಗಿನ ಔಷಧಿಯ ಹೆಸರು ಓದಿ ತಗೊಳ್ಳಿ.

ಲಿಡೊಕೇನ್ ಅಂದರೆ ನಮ್ಮಲ್ಲಿ ಲಿಗ್ನೊಕೇನ್ ಅಂತ ಕರೆಯುವ ಔಷಧಿಯೇ, ಹಲ್ಲು ಕೀಳುವ ಮುಂಚೆ ವಸಡಿಗೆ ಚುಚ್ಚುತ್ತಾರಲ್ಲ, ಅದು. ನರದಲ್ಲಿ ಸಂದೇಶ ಸಾಗಬೇಕಾದರೆ ಸೋಡಿಯಂ ಒಳಹೋಗುವ ಸಣ್ಣ ಬಾಗಿಲುಗಳು ತೆರೆಯಬೇಕು. ಲಿಡೊಕೇನ್ ಅವನ್ನು ಮುಚ್ಚುತ್ತದೆ. ಸರ್ಪಸುತ್ತಿನ ನಂತರ ಉಳಿಯುವ ನೋವಿಗೆ ಇದರ 5% ಪ್ಯಾಚ್‌ಗೆ ಅಮೆರಿಕದಲ್ಲಿ 1999ರಲ್ಲೇ ಅನುಮತಿ ಸಿಕ್ಕಿದೆ. ಅಂದರೆ ನಿಮ್ಮ ಮಾವನವರ ನೋವಿಗೆ ಇದು ಸರಿಯಾದ ಜಾತಿಯ ಪ್ಯಾಚ್. ಆದರೆ ಡಬ್ಬಿಯ ಮೇಲೆ 4% ಅಂತ ಇದೆಯಾ, 5% ಅಂತ ಇದೆಯಾ ನೋಡಿ. ಅಲ್ಲಿ ಚೀಟಿ ಇಲ್ಲದೆ ಸಿಗುವುದು 4%. ಮುಂದೆ ನಾನು ಹೇಳುವುದೆಲ್ಲ 5%ರ ಲೆಕ್ಕ. 4% ಆದರೆ ಅದರ ಮೇಲೆ ಬರೆದ ಹಾಗೆಯೇ ನಡೆಯಿರಿ.

ಅವರಿಗೆ ಎದೆಬಡಿತದ ಏರುಪೇರಿಗೆ ಮಾತ್ರೆ ಇದ್ದರೆ, ಲಿವರ್ ತೊಂದರೆ ಇದ್ದರೆ, ಹಿಂದೆ ಮರಗಟ್ಟಿಸುವ ಇಂಜೆಕ್ಷನ್ನಿಗೆ ಅಲರ್ಜಿ ಆಗಿದ್ದರೆ, ನಿಮ್ಮ ಡಾಕ್ಟರಿಗೆ ತೋರಿಸದೆ ಅಂಟಿಸಬೇಡಿ. ಇವು ಯಾವುವೂ ಇಲ್ಲದಿದ್ದರೂ ಡಾಕ್ಟರಿಗೆ ಒಂದು ಫೋನ್ ಮಾಡಿ.

ಇನ್ನು ಅಂಟಿಸುವ ಕೆಲಸ. ದೀಪಕ್ಕೆ ಹಾಕುವ ಹತ್ತಿ ಬತ್ತಿ ಒಂದು ತಗೊಳ್ಳಿ. ನೋವಿಲ್ಲದ ಚರ್ಮದಿಂದ ಶುರುಮಾಡಿ, ನೋವಿನ ಕಡೆಗೆ ಮೆಲ್ಲಗೆ ಸೋಕಿಸುತ್ತಾ ಬನ್ನಿ. "ಹಾ, ಇಲ್ಲಿ" ಅಂದ ಜಾಗದಲ್ಲಿ ಬಾಲ್ ಪೆನ್ನಿನಿಂದ ಚುಕ್ಕಿ ಇಡಿ. ಮೇಲಿನಿಂದ, ಕೆಳಗಿನಿಂದ, ಎರಡೂ ಪಕ್ಕದಿಂದ ಹೀಗೇ ಮಾಡಿ ಚುಕ್ಕಿ ಕೂಡಿಸಿದರೆ ನೋವಿನ ನಕ್ಷೆ ಸಿಗುತ್ತದೆ. ಎಷ್ಟೋ ಜನ ಹಳೇ ಗುಳ್ಳೆಯ ಕಲೆ ಇದ್ದಲ್ಲಿ ಅಂಟಿಸುತ್ತಾರೆ, ನೋವು ನಾಲ್ಕು ಬೆರಳು ಆಚೆ ಇರುತ್ತದೆ. ಆಮೇಲೆ ಪ್ಯಾಚ್ ಸುಳ್ಳು ಅನ್ನುತ್ತಾರೆ.

ಪ್ಯಾಚ್ 10 ಸೆಂ.ಮೀ. ಅಗಲ, 14 ಸೆಂ.ಮೀ. ಉದ್ದ, ಹೆಚ್ಚುಕಡಿಮೆ ಅಂಚೆ ಕಾರ್ಡಿನಷ್ಟು. ಹಿಂದಿನ ಹಾಳೆ ತೆಗೆಯುವ ಮುಂಚೆಯೇ ಕತ್ತರಿಯಿಂದ ಬೇಕಾದ ಆಕಾರಕ್ಕೆ ಕತ್ತರಿಸಿಕೊಳ್ಳಿ. ಚರ್ಮ ಒಣಗಿರಬೇಕು, ಗಾಯ ಇರಬಾರದು. ಕೂದಲಿದ್ದರೆ ಕತ್ತರಿಯಲ್ಲಿ ಗಿಡ್ಡ ಮಾಡಿ, ಬೋಳಿಸಬೇಡಿ. ಒಂದು ಸಲಕ್ಕೆ ಮೂರು ಪ್ಯಾಚ್‌ಗಿಂತ ಜಾಸ್ತಿ ಬೇಡ. 12 ಗಂಟೆ ಇಟ್ಟು ತೆಗೆಯಿರಿ, ಮುಂದಿನ 12 ಗಂಟೆ ಚರ್ಮಕ್ಕೆ ಬಿಡುವು ಕೊಡಿ. ರಾತ್ರಿ ನೋವು ಜಾಸ್ತಿ ಅಂದರೆ ಒಂಬತ್ತಕ್ಕೆ ಅಂಟಿಸಿ ಬೆಳಿಗ್ಗೆ ಒಂಬತ್ತಕ್ಕೆ ತೆಗೆಯಬಹುದು. ಅದರ ಮೇಲೆ ಬಿಸಿನೀರಿನ ಚೀಲ ಇಡಲೇಬೇಡಿ, ಬಿಸಿಗೆ ಔಷಧಿ ಮೈಗೆ ಜಾಸ್ತಿ ಇಳಿಯುತ್ತದೆ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ.

ತೆಗೆದ ಪ್ಯಾಚ್ ಖಾಲಿ ಅಂದುಕೊಳ್ಳಬೇಡಿ. 700 ಮಿ.ಗ್ರಾಂ. ಔಷಧಿಯಲ್ಲಿ ಮೈಗೆ ಇಳಿಯುವುದು ಸುಮಾರು 3% ಅಷ್ಟೇ. ಉಳಿದದ್ದೆಲ್ಲ ಅದರಲ್ಲೇ ಇರುತ್ತದೆ. ಮೊಮ್ಮಗು ಬಾಯಿಗೆ ಹಾಕಿಕೊಂಡರೆ, ನಾಯಿ ಅಗಿದರೆ ಅಪಾಯ. ಅಂಟಿನ ಕಡೆ ಒಳಗೆ ಬರುವಂತೆ ಮಡಚಿ, ಅವರ ಕೈಗೆ ಸಿಗದ ಹಾಗೆ ಎಸೆಯಿರಿ.

ಮೈಗೆ ಇಳಿಯುವುದು ಇಷ್ಟು ಕಡಿಮೆಯಾದ್ದರಿಂದಲೇ ಇದು ವಯಸ್ಸಾದವರಿಗೆ ಒಳ್ಳೆಯದು. ತಲೆ ತಿರುಗುವುದು, ಮಂಪರು ಸಾಮಾನ್ಯವಾಗಿ ಬರುವುದಿಲ್ಲ. ಅಂಟಿಸಿದಲ್ಲಿ ಸ್ವಲ್ಪ ಕೆಂಪಾಗಬಹುದು. ತುಂಬಾ ಕೆರೆದರೆ ತೆಗೆದುಬಿಡಿ. ಎಲ್ಲರಿಗೂ ಹಿಡಿಸುತ್ತದೆ ಅಂತ ನಾನು ಹೇಳಲಾರೆ. ಎರಡರಿಂದ ನಾಲ್ಕು ವಾರ ಬಿಡದೆ ಹಾಕಿ, ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಅಂತ ದಿನಾ ಕ್ಯಾಲೆಂಡರಿನಲ್ಲಿ ಬರೆಸಿ. ಎಂಟು ಇದ್ದದ್ದು ಐದಾಗಿ, ಅಂಗಿ ತೊಟ್ಟು ಪೇಟೆಗೆ ಹೋಗಿಬರುವ ಹಾಗಾದರೆ ನನ್ನ ಲೆಕ್ಕದಲ್ಲಿ ಅದು ಗೆಲುವು.

ಗ್ಯಾಬಾಪೆಂಟಿನ್ ಅನ್ನು ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ. ಕಿಡ್ನಿ ನಿಧಾನವಾಗಿದ್ದರೆ ಆ ಮಾತ್ರೆ ಮೈಯಲ್ಲಿ ಉಳಿದು ತಲೆ ತಿರುಗಿಸುತ್ತದೆ. ರಕ್ತದ ಕ್ರಿಯಾಟಿನಿನ್ ನೋಡಿಸಿ, ಡೋಸ್ ಇಳಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಬಚ್ಚಲಲ್ಲಿ ಬಿದ್ದದ್ದನ್ನು ಮರೆಯದೆ ಹೇಳಿ.

ಇನ್ನೊಂದು ಮಾತು ನಿಮ್ಮ ಅತ್ತೆಯವರಿಗಾಗಿ. 50 ದಾಟಿದವರಿಗೆ ಸರ್ಪಸುತ್ತು ತಡೆಯುವ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳ ಅಂತರ. ದುಬಾರಿ, ನಿಜ. ಮನೆಯಲ್ಲಿ ಯಾರಿಗೇ ಗುಳ್ಳೆ ಎದ್ದರೂ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾಗಬೇಕು. ಕೆಮ್ಮಣ್ಣಿಗೆ ಅಂತ ಆ ಹೊತ್ತು ಕಳೆಯಬೇಡಿ.

ಪ್ರಶ್ನೆ: ತೀರಿಹೋದ ನಮ್ಮ ದೊಡ್ಡಪ್ಪನಿಗೆ ಕ್ಯಾನ್ಸರ್ ನೋವಿಗೆ ಕೊಟ್ಟಿದ್ದ ಫೆಂಟನಿಲ್ ಪ್ಯಾಚ್ ಎರಡು ಉಳಿದಿವೆ. ಅಮ್ಮನ ಕಾಲು ಸೆಳೆತಕ್ಕೆ ಹಾಕಲಾ?
ಓದುಗರು, ತುಮಕೂರು

ಉತ್ತರ: ಬೇಡ. ಖಂಡಿತ ಬೇಡ. ಅದು ಚರ್ಮಕ್ಕೆ ಹಚ್ಚುವ ಔಷಧಿಯಲ್ಲ, ಚರ್ಮದ ಮೂಲಕ ರಕ್ತಕ್ಕೆ ಹೋಗುವ ಅಫೀಮಿನ ಗುಂಪಿನ ಬಲವಾದ ಔಷಧಿ. ಅಭ್ಯಾಸವಿಲ್ಲದ ಮೈಗೆ ಒಂದು ಪ್ಯಾಚ್ ಸಾಕು, ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ನೋಡಲು ಮಾತ್ರ ಎಲ್ಲ ಪ್ಯಾಚ್‌ಗಳೂ ಒಂದೇ ಥರ ಇರುತ್ತವೆ, ಗಾಬರಿಯಾಗುವುದು ಅದಕ್ಕೇ. ಇವತ್ತೇ ಬೀರುವಿನಿಂದ ತೆಗೆದು, ಕೊಟ್ಟ ಆಸ್ಪತ್ರೆಗೆ ವಾಪಸ್ ಮಾಡಿ. ಅಮ್ಮನ ಕಾಲನ್ನು ಬೇರೆಯಾಗಿ ತೋರಿಸಿ.

ಪ್ರಶ್ನೆ: ನನಗೆ ಹತ್ತು ವರ್ಷದಿಂದ ಶುಗರ್, ಅಂಗಾಲು ಉರಿಯುತ್ತದೆ. ಮೆಣಸಿನಕಾಯಿಯ ಪ್ಯಾಚ್ ಬಂದಿದೆಯಂತೆ. ಮನೆಯಲ್ಲೇ ಖಾರದ ಪುಡಿ ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಆಗುತ್ತದಾ?
ಓದುಗರು, ಬ್ಯಾಡಗಿ

ಉತ್ತರ: ಕೇಳಿದ್ದು ನಿಜ. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ 8% ಇರುವ ಪ್ಯಾಚ್ ಅದು. ಅಮೆರಿಕದಲ್ಲಿ 2009ರಲ್ಲಿ ಸರ್ಪಸುತ್ತಿನ ನೋವಿಗೆ, 2020ರಲ್ಲಿ ಶುಗರ್ ಇರುವವರ ಪಾದದ ನೋವಿಗೆ ಅನುಮತಿ ಸಿಕ್ಕಿತು. ಬಿಸಿ ಮತ್ತು ಖಾರ ಎರಡನ್ನೂ ಒಂದೇ ನರತುದಿ ಗುರುತಿಸುತ್ತದೆ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು. ಅಷ್ಟು ಖಾರ ಒಮ್ಮೆಗೇ ಬಿದ್ದಾಗ ಆ ನರತುದಿಗಳು ಸೋತು ಹಿಂದೆ ಸರಿಯುತ್ತವೆ, ಮತ್ತೆ ಬೆಳೆಯಲು ತಿಂಗಳುಗಳೇ ಬೇಕು. ಆ ಪ್ಯಾಚನ್ನು ಆಸ್ಪತ್ರೆಯಲ್ಲಿ ಗ್ಲೌಸ್ ಹಾಕಿಕೊಂಡು ಪಾದಕ್ಕೆ 30 ನಿಮಿಷ ಅಂಟಿಸಿ ತೆಗೆಯುತ್ತಾರೆ. ಮತ್ತೆ ಹಾಕುವುದಾದರೆ ಮೂರು ತಿಂಗಳ ನಂತರವೇ.

ಮನೆಯ ಪುಡಿಯಿಂದ ಇದು ಆಗುವುದಿಲ್ಲ. ನಿಮ್ಮೂರಿನ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ನಿಮಗೇ ಗೊತ್ತು. ಗುಂಟೂರಿನದನ್ನು ತಂದರೂ ಎಷ್ಟು ಖಾರ ಹೋಯಿತು ಅಂತ ಅಳೆಯುವವರಿಲ್ಲ. ಶುಗರ್ ಇರುವವರ ಪಾದ ಉರಿಯುತ್ತಿದ್ದರೂ ಎಷ್ಟೋ ಸಲ ಒಳಗೆ ಜೋಮು ಹಿಡಿದಿರುತ್ತದೆ. ಚರ್ಮ ಸುಟ್ಟದ್ದು ತಿಳಿಯುವಷ್ಟರಲ್ಲಿ ಹುಣ್ಣಾಗಿರುತ್ತದೆ. ಆ ಹುಣ್ಣು ಮಾಯುವುದು ಕಷ್ಟ. ಉರಿಗೆ ಮಾತ್ರೆಗಳಿವೆ, ಡಾಕ್ಟರು ಬರೆದುಕೊಟ್ಟರೆ ಕಡಿಮೆ ಖಾರದ ಕ್ಯಾಪ್ಸೈಸಿನ್ ಕ್ರೀಮ್ ಇದೆ. ಅದನ್ನು ದಿನಕ್ಕೆ ಮೂರು-ನಾಲ್ಕು ಸಲ, ವಾರಗಟ್ಟಲೆ ಹಚ್ಚಬೇಕು. ಮೊದಮೊದಲು ಉರಿ ಹೆಚ್ಚಾದ ಹಾಗೆ ಅನಿಸುತ್ತದೆ. ಈ ವಾರವೇ ಹೋಗಿ, ಚಪ್ಪಲಿ ಬಿಚ್ಚಿ ಎರಡೂ ಪಾದ ತೋರಿಸಿ, ಬೆರಳ ಸಂದಿಯನ್ನೂ ನೋಡಿಸಿ.