ಮಾನವ ಕಳ್ಳಸಾಗಣೆಯಿಂದ ಪಾರಾಗಿ ಬಂದ ಹೆಣ್ಣುಮಗಳ ಕಥೆಯನ್ನು ಕ್ಷೇತ್ರಕಾರ್ಯದ ವಿದ್ಯಾರ್ಥಿಗಳು ಕೇಳಬಾರದು ಅಂತಾರಲ್ಲ, ಯಾಕೆ? (ಕಲಬುರಗಿ, ಎಂಎಸ್‌ಡಬ್ಲ್ಯೂ ಅಂದರೆ ಸಮಾಜಕಾರ್ಯ ಸ್ನಾತಕೋತ್ತರ ವಿದ್ಯಾರ್ಥಿ)

ಆಕೆಯೇ ಹೇಳಿದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ. ಸಾಮಾನ್ಯವಾಗಿ ಪೊಲೀಸರಿಗೆ, ಮ್ಯಾಜಿಸ್ಟ್ರೇಟರಿಗೆ, ಆಪ್ತಸಮಾಲೋಚಕಿಗೆ ಆಗಲೇ ಹೇಳಿ ದಣಿದಿರುತ್ತಾಳೆ. ಆಘಾತದ ನೆನಪು ಪ್ರತಿ ಸಲ ಒಂದೇ ಕ್ರಮದಲ್ಲಿ ಬರುವುದಿಲ್ಲ. ದಿನ, ಜಾಗ ಹಿಂದುಮುಂದಾಗುತ್ತವೆ. ನಿಮ್ಮ ವರದಿಯಲ್ಲಿ ಒಂದು, ಹೇಳಿಕೆಯಲ್ಲಿ ಇನ್ನೊಂದು ಇದ್ದರೆ ಆರೋಪಿ ಪರ ವಕೀಲರು ಅದನ್ನೇ ಹಿಡಿದು ಆಕೆಯ ಮಾತು ಸುಳ್ಳೆನ್ನಬಹುದು.

ವರದಿಯಲ್ಲಿ ಹೆಸರಿನ ಬದಲು ಸಂಕೇತ ಬಳಸಿ. ಊರು, ತಾಂಡಾದ ಹೆಸರೂ ಬೇಡ. ಸಣ್ಣ ತಾಂಡಾದಲ್ಲಿ ವಯಸ್ಸು ಹೇಳಿದರೂ ಸಾಕು, ಯಾರ ಮನೆ ಹುಡುಗಿ ಅಂತ ಗೊತ್ತಾಗಿಬಿಡುತ್ತದೆ. 18 ತುಂಬದವಳಾದರೆ ಗುರುತು ಪ್ರಕಟಿಸುವುದು ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74ರಡಿ ಅಪರಾಧ.

"ಇವತ್ತ ಮಾತಾಡೂಣೇನವ್ವಾ, ಸುಮ್ಮ ಕೂಡೂಣು?" ಅಂತ ಕೇಳಿ, ಆಕೆ ಅಂದಂತೆ ನಡೆಯಿರಿ. ಎಲ್ಲವನ್ನೂ ಬೇರೆಯವರೇ ತೀರ್ಮಾನಿಸಿದ ಬದುಕಿಗೆ ಈ ಸಣ್ಣ ಆಯ್ಕೆ ದೊಡ್ಡದು.

ನಿಮ್ಮಿಂದ ನಿಜಕ್ಕೂ ಆಗುವ ಕೆಲಸವೆಂದರೆ ಆಧಾರ್, ಬ್ಯಾಂಕ್ ಖಾತೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ. ಖಾತೆ ಆಕೆಯೊಬ್ಬಳ ಹೆಸರಲ್ಲೇ ಇರಲಿ. ಜಂಟಿ ಖಾತೆಯಾದರೆ, ಆಕೆಯನ್ನು ಮಾರಿದ ಬಂಧುವೇ ಪರಿಹಾರದ ಹಣವನ್ನೂ ತೆಗೆಯಬಹುದು. ಕ್ಷೇತ್ರಕಾರ್ಯ ಮುಗಿಯುವ ದಿನವನ್ನು ಮೊದಲ ವಾರವೇ ತಿಳಿಸಿ. ಹೇಳದೆ ಹೊರಟುಹೋದರೆ ಮುಂದಿನ ವಿದ್ಯಾರ್ಥಿಯನ್ನು ಆಕೆ ನಂಬುವುದು ಕಷ್ಟ.